ಸೋತವರಿಗೆ ಸುತ್ತುವ ಫೇಟಾ

ನನಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಬ್ಯಾಟು ಯಾವುದು, ನೆಟ್ಟ ಕಡ್ಡಿ ಯಾವುದು ಎಂಬಷ್ಟು ಗೊತ್ತು, ಅಲ್ಲಿಗೆ ಮುಗಿಯಿತು. ಆದರೂ ಒಂದು ಬೇಸಿಗೆಯಲ್ಲಿ ನಮ್ಮ ಬಿಳೂರಿನ ಸಟ್ಟಾ ಅಂಗಡಿಯವನು ನನಗೆ ಹೆದರಿ ನನ್ನ ಆಟವನ್ನೇ ಬಂದ್ ಮಾಡಿದ. ಇದನ್ನು ನಾನು ತಲೆ ತಗ್ಗಿಸಿ ಹೇಳುತ್ತಿಲ್ಲ. ಹೆಂಗಸಾಗಿ ಜೂಜಾಡಿದಳು ಎಂದು ಮೂಗು ಮುರಿಯುವವರು ಮುರಿಯಲಿ, ಮೂಗು ಅವರದೇ.

ಸಟ್ಟಾ ಅಂಗಡಿ ಎಂದು ಬೋರ್ಡು ಹಾಕಿರುವುದಿಲ್ಲ. ಹೊರಗೆ ನೋಡಿದರೆ ಅದು ಮೊಬೈಲ್ ಅಂಗಡಿ. ಕವರು, ಚಾರ್ಜರು, ಒಡೆದ ಗಾಜು ಬದಲಿಸುವ ಕೆಲಸ. ಒಳಗಿನ ವ್ಯಾಪಾರ ಬೇರೆ. ಯಾರಿಗೆ ಪಂದ್ಯದ ಮೇಲೆ ಹಣ ಕಟ್ಟಬೇಕೋ ಅವರ ಫೋನಿನಲ್ಲಿ ಒಂದು ಖಾತೆ ತೆರೆದು ಕೊಡುತ್ತಾನೆ, ಅದಕ್ಕೆ ಎಲ್ಲರೂ ‘ಐಡಿ’ ಎನ್ನುತ್ತಾರೆ. ಹಣ ಅವನ ಕೈಗೆ ಕೊಟ್ಟರೆ ಫೋನಿನಲ್ಲಿ ಪಾಯಿಂಟು ಬೀಳುತ್ತವೆ. ಗೆದ್ದರೆ ಪಾಯಿಂಟು ಅವನಿಗೆ ಮರಳಿಸಿ ಹಣ ಇಸಿದುಕೊಳ್ಳಬೇಕು. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಅವನ ಅಂಗಡಿಯ ಎದುರಿಗೇ ನನ್ನ ಹಿಟ್ಟಿನ ಗಿರಣಿ. ಗಿರಣಿಗೆ ಅಂಟಿಕೊಂಡು ನನ್ನ ಗಂಡನ ಮೋಟಾರು ವೈಂಡಿಂಗ್ ಅಂಗಡಿ. ದಾಳಿಂಬೆ ತೋಟಗಳಿಗೆ ನೀರು ಹಾಯಿಸುವ ಮೋಟಾರು ಸುಟ್ಟರೆ ಸುತ್ತಲಿನ ಊರವರೆಲ್ಲ ಇವರ ಹತ್ತಿರ ಬರುತ್ತಾರೆ. ಸುಟ್ಟ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಇವರ ಕೆಲಸ. ಬಂದವರ ಮಾತು ಒಂದೇ. “ಏ ಮಿಸ್ತ್ರಿ, ಲಗೂನ ಮಾಡೋ, ಗಿಡ ಒಣಗಾಕತ್ತ್ಯಾವು.” ಕೂಡ್ರಿ, ಏಳ್ರಿ ಎನ್ನುವ ಮಾತು ಇವರ ಪಾಲಿಗೆ ಇರಲಿಲ್ಲ. ಕೆಲಸ ಮುಗಿಯುವ ತನಕ ಬೈಗುಳ, ಮುಗಿದ ಮೇಲೆ ಮರೆವು.

ಇವರು ಪಂದ್ಯಕ್ಕೆ ಹಣ ಕಟ್ಟಲು ಹೋಗುವ ಎದುರಿನ ಅಂಗಡಿಯಲ್ಲಿ ಮಾತ್ರ ಬೇರೆಯೇ ಸಂಬೋಧನೆ. “ಬರ್ರಿ ಸಾವಕಾರ್ರ, ಕುಂದ್ರಿ ಸಾವಕಾರ್ರ.” ಫ್ಯಾನಿನ ಕೆಳಗೆ ಮೆತ್ತನೆಯ ಕುರ್ಚಿ, ಏಲಕ್ಕಿ ಹಾಕಿದ ಗಟ್ಟಿ ಚಹಾ. ಇವರು ಹೆಚ್ಚು ಸೋತ ವಾರ ಚಹಾದ ಜೊತೆ ಬಿಸ್ಕೀಟೂ ಬರುತ್ತಿತ್ತು. ನನ್ನ ಗಂಡ ಆ ಕುರ್ಚಿಯಲ್ಲಿ ಕುಳಿತಾಗ ಬೆನ್ನು ನೆಟ್ಟಗಾಗುತ್ತಿತ್ತು. ಗಿರಣಿಯಲ್ಲಿ ನಿಂತು ನಾನು ಅದನ್ನು ನೋಡುತ್ತಿದ್ದೆ. ಹೊಟ್ಟೆಯೂ ಉರಿಯುತ್ತಿತ್ತು, ಪಾಪವೂ ಎನಿಸುತ್ತಿತ್ತು. ಮನೆಯಲ್ಲಿ ನಾನಾದರೂ ಎಂದು ಇವರನ್ನು ಹಾಗೆ ಕರೆದಿದ್ದೆ?

ಒಂದು ಶ್ರಾವಣದಲ್ಲಿ ಇವರೇ ಆಟ ಬಿಟ್ಟರು. ಇಷ್ಟಲಿಂಗ ಕೈಯಲ್ಲಿ ಹಿಡಿದು, ಇನ್ನು ಸಾಕು ಎಂದರು. ನಾನು ನಂಬಿದೆ, ಯಾಕೆಂದರೆ ಇವರು ಸುಳ್ಳು ಹೇಳುವ ಜಾತಿಯವರಲ್ಲ. ಶ್ರಾವಣ ಕಳೆಯಿತು, ಗಣಪತಿ ಹಬ್ಬ ಕಳೆಯಿತು, ಇವರು ರಸ್ತೆ ದಾಟಿ ಆ ಕಡೆ ಹೋಗಲಿಲ್ಲ. ಆಗ ಅವನೇ ರಸ್ತೆ ದಾಟಿ ಈ ಕಡೆ ಬಂದ. ಕೈಯಲ್ಲಿ ಪೇಢೆಯ ಡಬ್ಬಿ.

“ಸಾವಕಾರ್ರ, ಸಿಟ್ಟಾಗೀರೇನು? ನಿಮ್ಮ ಐಡಿ ಒಣಗಿ ಹೋಗಿತ್ತು, ನಾನ ಒಂದೀಟು ಪಾಯಿಂಟು ಹಾಕೀನಿ. ನನಗೇನೂ ಕೊಡಬ್ಯಾಡ್ರಿ. ಸುಮ್ನ ಆಡ್ರಿ, ಬ್ಯಾಸರ ಹೋಗತೈತಿ.”

ಅವನು ಹೋದ ಮೇಲೆ ನಾನು ಆ ಡಬ್ಬಿಯನ್ನು ನಾಯಿಗೆ ಹಾಕುತ್ತೇನೆ ಎಂದೆ. ನನ್ನ ಗಂಡ ಡಬ್ಬಿ ಕಿತ್ತುಕೊಂಡರು. “ಅಂವಾ ಏನ ತಪ್ಪ ಮಾಡ್ಯಾನ? ಮನಿತನಕ ಬಂದು ಮಾತಾಡಿಸಿದ. ಉಂಡ ಮನಿ ಗಳ ಎಣಸೂದು ಬ್ಯಾಡ.” ಅಂದೇ ಸಂಜೆ ಮತ್ತೆ ಕುರ್ಚಿಯಲ್ಲಿ ಕುಳಿತರು.

ಗಿರಣಿಗೆ ಜೋಳ ತರುವ ಒಬ್ಬ ಅಜ್ಜಿ ಇದನ್ನೆಲ್ಲ ನೋಡಿದ್ದಳು. ಅವಳ ತವರು ಮಾಡಗ್ಯಾಳ, ಕುರಿ ಸಾಕಿದ ಮನೆತನ. ಹಿಟ್ಟು ಬೀಳುವುದನ್ನೇ ನೋಡುತ್ತ ಅಂದಳು: “ಸಂತ್ಯಾಗ ಟಗರ ಮಾರಾಂವಗಿಂತ ಕೊಳ್ಳಾಂವನ ಭಾಳ ಮೈ ಸವರತಾನವ್ವಾ. ಅದಕ್ಕ ಪ್ರೀತಿ ಅನ್ನೂದಿಲ್ಲ. ಮಾಂಸ ಎಟ್ಟೈತಿ ಅಂತ ನೋಡತಾನ.”

ಆ ಮಾತು ನನ್ನ ತಲೆ ಹೊಕ್ಕಿತು. ಸೋತವರನ್ನು ಹೀಗೆ ಮೈ ಸವರುವವನು ಗೆದ್ದವರಿಗೆ ಏನು ಮಾಡುತ್ತಾನೆ? ಬಾಯಲ್ಲಿ ಹೇಳಿದರೆ ನನ್ನ ಗಂಡ ಒಪ್ಪುವುದಿಲ್ಲ. ಕಣ್ಣಿಗೆ ಕಾಣುವಂತೆ ತೋರಿಸಬೇಕು. ತೋರಿಸಬೇಕಾದರೆ ನಾನೇ ಗೆಲ್ಲಬೇಕು. ಬೇಸಿಗೆಯ ದೊಡ್ಡ ಪಂದ್ಯಾವಳಿ ಶುರುವಾದ ವಾರ ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದೆ.

“ವೈನಿ, ನೀವೂನೂ?” ಎಂದು, ಅತ್ತಿಗೆಯನ್ನು ಕರೆದಂತೆ ಕರೆದು, ಅವನು ಎದ್ದು ನಿಂತ. ಅದೇ ಕುರ್ಚಿ, ಅದೇ ಏಲಕ್ಕಿ ಚಹಾ. ಮನೆಯವರಿಗೆ ಹೇಳಬೇಡ ಎಂದೆ. ಎದೆಯ ಮೇಲೆ ಕೈಯಿಟ್ಟು, “ಗಿರಾಕಿ ಮಾತು ಈ ಕಟ್ಟಿ ದಾಟೂದಿಲ್ರಿ” ಎಂದ. ನನ್ನ ಫೋನಿನಲ್ಲಿ ಐಡಿ ತೆರೆದುಕೊಟ್ಟು, ಮೊದಲ ಸಲದ ಪ್ರೀತಿಗೆಂದು ಒಂದಿಷ್ಟು ಪಾಯಿಂಟು ಬಿಟ್ಟಿ ಹಾಕಿದ. ಹೆಂಗಸು, ಗಿರಣಿಯವಳು, ಗಂಡನಿಗೆ ಗೊತ್ತಿಲ್ಲದೆ ಬಂದವಳು. ಅವನ ಮುಖದಲ್ಲಿ ಹಬ್ಬ ಕಾಣುತ್ತಿತ್ತು.

ಕ್ರಿಕೆಟ್ಟು ಗೊತ್ತಿಲ್ಲ ಎಂದೆನಲ್ಲ, ಗಂಡ ಗೊತ್ತು. ಇವರದು ಮನಸ್ಸಿನ ಆಟ. ಮೆಚ್ಚಿನ ತಂಡ ಮಣ್ಣು ಮುಕ್ಕುತ್ತಿದ್ದರೂ ಅದರ ಮೇಲೆಯೇ ಕಟ್ಟಬೇಕು. ನಿನ್ನೆ ಸೋತವರು ಇವತ್ತು ಗೆದ್ದೇ ಗೆಲ್ಲುತ್ತಾರೆ ಎನ್ನಬೇಕು. ಯಾರನ್ನು ಟೀವಿಯಲ್ಲಿ ಎಲ್ಲರೂ ಬೈಯುತ್ತಾರೋ ಅವನ ಪಕ್ಷ ಹಿಡಿಯಬೇಕು. ಒಳ್ಳೆಯ ಮನುಷ್ಯನ ಲಕ್ಷಣ, ಕೆಟ್ಟ ಜೂಜುಗಾರನ ಲಕ್ಷಣ. ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತ ಇವತ್ತು ಯಾರ ಮೇಲೆ ಕಟ್ಟಿದ್ದೇನೆ ಎಂದು ತಾವೇ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಅದಕ್ಕೆ ಎದುರಾದ ತಂಡದ ಮೇಲೆ ಕಟ್ಟುತ್ತಿದ್ದೆ. ಇಷ್ಟೇ ನನ್ನ ವಿದ್ಯೆ.

ಒಮ್ಮೊಮ್ಮೆ ಇವರು ಗೆದ್ದು ನಾನು ಸೋತದ್ದೂ ಉಂಟು. ಆದರೆ ಹೆಚ್ಚಿನ ಸಲ ಇವರ ಮುಖ ಬಾಡುತ್ತಿತ್ತು, ನನ್ನ ಪಾಯಿಂಟು ಏರುತ್ತಿತ್ತು. ಇವರ ಮುಖ ನೋಡಿದಾಗ ಫೋನನ್ನು ದಿಂಬಿನ ಕೆಳಗೆ ತಳ್ಳಿ ದೀಪ ಆರಿಸುತ್ತಿದ್ದೆ.

ಮೊದಲ ಸಲ ಗೆದ್ದ ಹಣ ಕೇಳಿದಾಗ ಅಂಗಡಿಯವನು ನಗುನಗುತ್ತ ಕೊಟ್ಟ. “ವೈನೀರ ಕೈಗುಣ ಚಲೋ ಐತಿ!” ಎಂದ. ಎರಡನೆಯ ಸಲ ನಕ್ಕ, ಆದರೆ ಹಲ್ಲು ಕಾಣಲಿಲ್ಲ. ಆಮೇಲೆ ಶುರುವಾಯಿತು. ಸರ್ವರ್ ಇಲ್ಲ. ಮೇಲಿನವರು ಫೋನು ಎತ್ತುತ್ತಿಲ್ಲ. ಇವತ್ತು ಅಮಾವಾಸ್ಯೆ, ಅಮಾವಾಸ್ಯೆಯ ದಿನ ಹಣ ಕೊಡಬಾರದು. ಅಮಾವಾಸ್ಯೆಯ ದಿನ ಹಣ ತೆಗೆದುಕೊಳ್ಳಬಹುದೋ ಎಂದು ಕೇಳಿದೆ. ಕೇಳಿಸದವನಂತೆ ಒಂದು ಫೋನಿನ ಗಾಜು ಒರೆಸತೊಡಗಿದ.

ಕುರ್ಚಿಯ ಕಥೆ ಹೇಳಲೇಬೇಕು. ನಾನು ರಸ್ತೆ ದಾಟುವುದು ಕಂಡರೆ ಅವನು ಕವರುಗಳ ರಟ್ಟಿನ ಪೆಟ್ಟಿಗೆಯೊಂದನ್ನು ಎತ್ತಿ ಕುರ್ಚಿಯ ಮೇಲಿಡುತ್ತಿದ್ದ. ನಾನು ನಿಂತೇ ಮಾತಾಡಬೇಕು. ಒಂದು ದಿನ ನಾನು ಆ ಪೆಟ್ಟಿಗೆ ಎತ್ತಿ ನೆಲಕ್ಕಿಟ್ಟು ಕುಳಿತುಕೊಂಡೆ. ಚಹಾ ಬರಲಿಲ್ಲ. “ಚಾ ಬಂದ್ ಆತೇನೋ ತಮ್ಮಾ?” ಎಂದೆ. “ಹಾಲ ಒಡದೈತ್ರಿ” ಎಂದ. ಅಷ್ಟರಲ್ಲಿ ನನ್ನ ಗಂಡನ ಹಾಗೆ ಸೋತು ಸುಣ್ಣವಾದ ಇನ್ನೊಬ್ಬ ಗಿರಾಕಿ ಬಂದ. ಅವನಿಗೆ ಹಾಲಿನ ಚಹಾ ಬಂತು. ಒಡೆದ ಹಾಲು ಅವನಿಗಾಗಿ ಕೂಡಿಕೊಂಡಿತೇನೋ!

ಮುಂದೆ ನನ್ನ ಫೋನಿನಲ್ಲಿ ಹೊಸ ಆಟ ಶುರುವಾಯಿತು. ಎಷ್ಟು ಕಟ್ಟಲು ಹೋದರೂ ಅದು ಒಪ್ಪುವುದಿಲ್ಲ. ಕಡಿಮೆ ಮಾಡು, ಇನ್ನೂ ಕಡಿಮೆ ಮಾಡು. ಕೊನೆಗೆ ಒಂದು ಹಿಡಿ ಶೇಂಗಾ ಕೊಳ್ಳುವಷ್ಟಕ್ಕೆ ಬಂದು ನಿಂತಿತು. ಅದೇ ರಾತ್ರಿಯ ಪಂದ್ಯಕ್ಕೆ ನನ್ನ ಗಂಡ ಎಷ್ಟು ಬೇಕಾದರೂ ಕಟ್ಟಬಹುದಿತ್ತು. ಒಂದೇ ಮನೆ, ಒಂದೇ ಅಂಗಡಿ, ಒಂದೇ ಪಂದ್ಯ. ಒಬ್ಬರಿಗೆ ಬಾಗಿಲು ಹಾರುಹೊಡೆದಿದೆ, ಇನ್ನೊಬ್ಬರಿಗೆ ಕಿಟಕಿಯೂ ಇಲ್ಲ. ಪಂದ್ಯಾವಳಿ ಮುಗಿಯುವ ಮೊದಲೇ ಐಡಿ ಪೂರ್ತಿ ಬಂದ್ ಆಯಿತು. ಯಾಕೆ ಎಂದು ಕೇಳಿದೆ.

“ಮ್ಯಾಲಿಂದ ಆರ್ಡರ್ ಬಂದೈತ್ರಿ ವೈನಿ. ಹೆಣ್ಮಕ್ಕಳಿಗೆ ಈ ಧಂದೆ ಚಲೋ ಅಲ್ಲ.”

ನಾನು ಸೋಲುತ್ತೇನೆಂದು ತಿಳಿದಿದ್ದಾಗ ಹೆಣ್ಣುಮಕ್ಕಳಿಗೆ ಚಲೋ ಇತ್ತು. ಗೆದ್ದ ಮೇಲೆ ಅವನಿಗೆ ಧರ್ಮ ನೆನಪಾಯಿತು. ಉಳಿದ ಹಣವನ್ನು ಗಿರಣಿಯ ಹೆಂಗಸರ ಎದುರಿಗೆ, ಅವನ ಕಟ್ಟೆಯ ಮೇಲೆ ಕೂತು, ಜೋರು ಬಾಯಿ ಮಾಡಿಯೇ ಇಸಿದುಕೊಂಡೆ. ಬಾಯಿ ಇಲ್ಲದವರ ಪಾಡೇನೋ ದೇವರೇ ಬಲ್ಲ.

ಅವತ್ತು ಊಟಕ್ಕೆ ಕುಳಿತಾಗ ಎಲ್ಲವನ್ನೂ ಗಂಡನ ಮುಂದೆ ಇಟ್ಟೆ. ಕುರ್ಚಿ, ಒಡೆದ ಹಾಲು, ಬಂದ್ ಆದ ಐಡಿ. “ನೋಡ್ರಿ, ಗೆದ್ದರ ಹಿಂಗ ಮಾಡತಾನ. ನಿಮಗ ಕುರ್ಚಿ ಹಾಕೂದು ಯಾಕ ಅಂತ ಈಗರ ತಿಳೀತೋ ಇಲ್ಲೋ?”

ಇವರು ಕೇಳಿದ್ದು ಬೇರೆಯೇ. “ನಿನಗ ಕ್ರಿಕೆಟ್ಟ ಬರೂದಿಲ್ಲ. ಹೆಂಗ ಗೆದ್ದಿ?”

“ನೀವು ಯಾರ ಮ್ಯಾಲ ಕಟ್ಟತಿದ್ರಿ, ಅವರ ಎದುರಿಗೆ ಕಟ್ಟಿದೆ.”

ಕೈಯಲ್ಲಿದ್ದ ರೊಟ್ಟಿಯನ್ನು ಇವರು ತಟ್ಟೆಯಲ್ಲಿ ಇಟ್ಟರು. ಅಂಗಡಿಯವನು ದೋಚಿದ್ದಕ್ಕೆ ಬಾರದ ಸಿಟ್ಟು ನಾನು ಎದುರಿಗೆ ಕಟ್ಟಿದ್ದಕ್ಕೆ ಬಂತು. “ಹೇಣ್ತಿ ಆಗಿ ನಾ ಸೋಲ್ಲಿ ಅಂತ ಕಟ್ಟಿದಿ?” ಎಂದು ಎದ್ದು ಹೋದರು. ಮುಂದೆ ಎಷ್ಟೋ ದಿನ ನಮ್ಮಿಬ್ಬರ ಮಾತು ಉಪ್ಪು, ನೀರು, ಕರೆಂಟು ಇವಿಷ್ಟರಲ್ಲೇ ಮುಗಿಯುತ್ತಿತ್ತು. ನಾನು ಸೋಲಲಿಲ್ಲ ನಿಜ, ಗೆದ್ದೂ ಇರಲಿಲ್ಲ.

ಹೀಗಿರುವಾಗಲೇ ಆ ಕರೆ ಬಂತು. ಅಂಗಡಿಯವನ ಹುಟ್ಟುಹಬ್ಬ. ತಾಲೂಕಿನ ಊರು ಜತ್ತಿನಲ್ಲಿ, ಮದುವೆ ನಡೆಸುವ ಮಂಗಲ ಕಾರ್ಯಾಲಯದಲ್ಲಿ ಊಟ, ಜೊತೆಗೆ ‘ಕ್ರೀಡಾಪ್ರೇಮಿ ಗ್ರಾಹಕರ ಸತ್ಕಾರ’. ಬಸ್ ಸ್ಟ್ಯಾಂಡಿನಲ್ಲಿ ಮರಾಠಿಯಲ್ಲಿ ಬ್ಯಾನರು ಬಿತ್ತು, ಗಡಿಯ ಈ ಕಡೆ ಮಾತು ಕನ್ನಡ, ಬರಹ ಮರಾಠಿ. ಅವನು ನನ್ನ ಗಂಡನ ಅಂಗಡಿಗೆ ತಾನೇ ಬಂದು, “ಸಾವಕಾರ್ರ, ನಿಮಗ ನನ್ನ ಕೈಯಾರೆ ಫೇಟಾ ಸುತ್ತಾಂವ” ಎಂದು ಹೇಳಿಹೋದ. ಗಿರಣಿಯ ಅಜ್ಜಿ ನಕ್ಕು, “ಇಷ್ಟು ದಿನಾ ಟೋಪಿ ಹಾಕಿದ, ಈಗ ಫೇಟಾಕ್ಕ ಬಂದ” ಎಂದಳು. ನನಗೆ ನಗು ಬರಲಿಲ್ಲ.

ನಮ್ಮ ಕಡೆಯವರಿಗೆ ಇದರ ಭಾರ ಗೊತ್ತು. ಮದುವೆ, ಮನೆ ತುಂಬುವುದು, ತೊಟ್ಟಿಲು, ಯಾವುದೇ ಕಾರ್ಯವಿರಲಿ, ಬಟ್ಟೆಯ ಉಡುಗೊರೆ, ಅದೇ ಆಹೇರಿ, ಮಾಡುತ್ತೇವೆ. ತಲೆಗೆ ಬಟ್ಟೆ ಸುತ್ತಿಸಿಕೊಂಡವನು ಸುತ್ತಿದವನಿಗೆ ಬೀಗನಷ್ಟೇ ಹತ್ತಿರದವನು. ನಾಲ್ಕು ಮಂದಿಯ ಮುಂದೆ ಫೇಟಾ ಒಪ್ಪಿಕೊಂಡು ಮರುದಿನ ಅವನಿಗೆ ಒಲ್ಲೆ ಎನ್ನುವಂತಿಲ್ಲ. ಅಂದರೆ ಮಂದಿ ಉಗುಳುತ್ತಾರೆ. ಅಂಗಡಿಯವನು ಇದೇ ಮಣ್ಣಿನವನು, ತಿಳಿದೇ ಮಾಡುತ್ತಿದ್ದ. ಶ್ರಾವಣದಲ್ಲಿ ಒಮ್ಮೆ ತಪ್ಪಿಸಿಕೊಂಡ ಗಿರಾಕಿ ಇನ್ನೆಂದೂ ತಪ್ಪಿಸಿಕೊಳ್ಳಬಾರದು. ಆ ಬಟ್ಟೆ ತಲೆಗೇರಿದರೆ ನನ್ನ ಗಂಡ ನನ್ನ ಕೈಬಿಟ್ಟು ಹೋದ ಹಾಗೆಯೇ ಎಂದು ನನಗೆ ಅನ್ನಿಸಿತು.

“ಹೋಗಬ್ಯಾಡ್ರಿ” ಎಂದೆ. ಇವರು ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ತಲೆ ಎತ್ತದೆಯೇ ಅಂದರು:

“ಮದುವ್ಯಾಗ ನಿಮ್ಮಪ್ಪ ಸುತ್ತಿದ್ದ. ಅದ ಕಡೀದು. ಆಮ್ಯಾಲ ಈ ತಲಿಗೆ ಯಾರರ ಬಟ್ಟಿ ಸುತ್ಯಾರೇನು? ಊರ ಮೋಟಾರೆಲ್ಲಾ ನಾನ ರಿಪೇರಿ ಮಾಡೀನಿ, ಒಬ್ಬರರ ಕರದು ಕುಂದ್ರ ಅಂದಾರೇನು?”

 ಅಪ್ಪ ಅವತ್ತು ಫೇಟಾ ಸುತ್ತುವಾಗ ಇವರ ಕಣ್ಣಲ್ಲಿ ನೀರು ಬಂದದ್ದು ನಾನೂ ನೋಡಿದ್ದೆ. ಇಂಥ ಮನುಷ್ಯನ ಆಸೆಯನ್ನು ಒಬ್ಬ ಸಟ್ಟಾದವನು ವ್ಯಾಪಾರಕ್ಕೆ ಇಟ್ಟುಕೊಂಡನಲ್ಲ ಎಂದು ಮೈಯೆಲ್ಲ ಬೆಂಕಿಯಾಯಿತು. ಗಿರಣಿಗೆ ಬೀಗ ಹಾಕಿ, ಇರುವುದರಲ್ಲಿ ಚಲೋ ಇಳಕಲ್ ಸೀರೆ ಉಟ್ಟು, ಕರೆಯದಿದ್ದರೂ ಇವರ ಬೈಕಿನ ಹಿಂದೆ ಹತ್ತಿ ಕುಳಿತೆ. ಇವರು ಕಿಕ್ ಹೊಡೆದು ಗಾಡಿ ಬಿಟ್ಟರು.

ಕಾರ್ಯಾಲಯದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು, ಎಲ್ಲ ಅವನ ನೆಂಟರು. ವೇದಿಕೆಯ ಮೇಲೆ ಸಾಲಾಗಿ ಕುರ್ಚಿ. ಮಾಡಗ್ಯಾಳದ ಒಬ್ಬ ಕುರಿ ವ್ಯಾಪಾರಿ, ಸಂಖ ಊರಿನ ಒಬ್ಬ ಟ್ರಕ್ಕಿನ ಮಾಲೀಕ, ಇನ್ನೂ ಕೆಲವರು ಆಗಲೇ ಫೇಟಾ ಸುತ್ತಿಸಿಕೊಂಡು, ಕತ್ತು ಅಲುಗಿಸದೆ ಕುಳಿತಿದ್ದರು. ಫೇಟಾ ಏನೋ ಚಂದವೇ ಇತ್ತು, ಕೇಸರಿ ಬಣ್ಣ, ಹಿಂದೆ ಇಳಿಬಿಟ್ಟ ತುದಿ. ಮೈಕಿನವನು ಮರಾಠಿಯಲ್ಲಿ ನನ್ನ ಗಂಡನ ಹೆಸರು ಕೂಗಿ, ವಿಶ್ವಾಸದ ಗ್ರಾಹಕ ಎಂದು ಹೊಗಳಿದ. ಇವರು ಮೆಟ್ಟಿಲು ಹತ್ತಿದರು. ಹುಟ್ಟುಹಬ್ಬದವನು ಬಟ್ಟೆ ಸರಿಯದಿರಲೆಂದು ಅದರ ಒಂದು ತುದಿ ಇವರ ಹಲ್ಲಿಗೆ ಕಚ್ಚಿಸಿ ಮೊದಲ ಸುತ್ತು ಹಾಕಿದ.

ನಾನು ಎದ್ದೆ.  ವೇದಿಕೆಯ ಕೆಳಗೆ ಹೋಗಿ ನಿಂತು, “ತಮ್ಮಾ, ನಾನೂ ನಿನ್ನ ಗಿರಾಕಿ. ನನಗೂ ಒಂದು ಫೇಟಾ ಸುತ್ತು” ಎಂದೆ.

ಮಂದಿ ನಕ್ಕರು. ಈಗ ಮೆರವಣಿಗೆಗಳಲ್ಲಿ ಹೆಣ್ಣುಮಕ್ಕಳೂ ಫೇಟಾ ಸುತ್ತಿಕೊಂಡು ಹೋಗುತ್ತಾರೆ, ನಾನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನೂ ನಕ್ಕ. “ವೈನಿ, ನಿಮ್ಮದು ಬಂದ್ ಆಗೇತಲ್ರಿ.”

“ಅದನ್ನ ಕೇಳಾಕ ಬಂದೀನಿ. ಇವರದು ಚಾಲೂ ಐತಿ, ನನ್ನದ್ಯಾಕ ಬಂದ್ ಮಾಡಿದಿ?”

ಅವನ ಪಕ್ಕದಲ್ಲೇ ಮೈಕು ಇತ್ತು. ಊಟಕ್ಕೆ ಬಂದ ಮಂದಿಯೆಲ್ಲ ನೋಡುತ್ತಿತ್ತು. ತಮಾಷೆ ಮಾಡಿ ತೇಲಿಸಿಬಿಡೋಣ ಎಂದುಕೊಂಡಿರಬೇಕು, ಕೈ ಮುಗಿದು ಜೋರಾಗಿಯೇ ಅಂದ: “ನೀವು ಬರೇ ಗೆಲ್ತೀರಿ ವೈನಿ! ನೀವು ನಮಗ ಪರವಡಸೂದಿಲ್ರಿ, ಗಿಟ್ಟೂದಿಲ್ರಿ!”

ಕಾರ್ಯಾಲಯ ಹೋ ಎಂದು ನಕ್ಕಿತು. ಆ ನಗು ಇಳಿಯುವವರೆಗೂ ನಾನು ಕಾದೆ.

“ಹಂಗಾರ ಮ್ಯಾಲ ಫೇಟಾ ಸುತಗೊಂಡು ಕುಂತವರು? ಇವರೆಲ್ಲಾ ನಿನಗ ಪರವಡಸ್ತಾರೇನು?”

 ಸಂಖದ ಟ್ರಕ್ಕಿನವನು ನೆಲ ನೋಡತೊಡಗಿದ. ಮಾಡಗ್ಯಾಳದ ವ್ಯಾಪಾರಿ ತನ್ನ ಫೇಟಾವನ್ನು ಒಮ್ಮೆ ಮುಟ್ಟಿ ನೋಡಿಕೊಂಡ, ತೆಗೆಯಲಿಲ್ಲ. ಅಂಗಡಿಯವನು ಮೈಕಿನವನಿಗೆ ಹಾಡು ಹಚ್ಚು ಎಂದು ಸನ್ನೆ ಮಾಡಿ, ಎರಡನೆಯ ಸುತ್ತಿಗೆ ಬಟ್ಟೆ ಎತ್ತಿದ. ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಆ ಕ್ಷಣ ನಾನು ಇವರನ್ನು ಕಳೆದುಕೊಂಡೆ ಎಂದೇ ತಿಳಿದೆ. ಸಿಟ್ಟಿನಿಂದ ಕಣ್ಣು ಮಂಜಾಯಿತು.

ಹಾಡು ಶುರುವಾಗುವ ಮೊದಲು ಇವರು ಹಲ್ಲಿನಲ್ಲಿದ್ದ ತುದಿಯನ್ನು ಬಿಟ್ಟರು. ಅಂಗಡಿಯವನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. “ಇಷ್ಟು ದಿನಾ ಸಾವಕಾರ ಅಂದಿ” ಎಂದರು, ಮೆಲ್ಲಗೆ, ಆದರೆ ಮೈಕಿಗೆ ಕೇಳಿಸಿತು. “ನಾ ಖರೇ ತಿಳಕೊಂಡಿದ್ದೆ.” ಆಮೇಲೆ ಸುಟ್ಟ ಮೋಟಾರಿನ ತಂತಿ ಬಿಚ್ಚುವಷ್ಟೇ ಜೋಪಾನವಾಗಿ ಆ ಒಂದು ಸುತ್ತನ್ನು ಬಿಚ್ಚಿ, ಮಡಚಿ, ಅವನ ಕೈಗೆ ಕೊಟ್ಟರು. ಜೇಬಿನಿಂದ ಫೋನು ತೆಗೆದು, “ಐಡಿ ಅಳಸು, ನಿನ್ನ ಕೈಯಾರೆ” ಎಂದರು. ಅವನು ಆಮೇಲೆ ನೋಡೋಣ ಎಂದ. ಇವರು ಫೋನು ಹಿಡಿದ ಕೈ ಹಿಂದೆಗೆಯಲಿಲ್ಲ. ಅಷ್ಟು ಮಂದಿಯ ಮುಂದೆ ಅವನು ಅಳಿಸಿದ.

ಊಟ ಮಾಡದೆ ಹೊರಬಿದ್ದೆವು. ಕೆಲವರು ದಾರಿ ಬಿಟ್ಟರು, ಕೆಲವರು ಸಭೆ ಕೆಡಿಸಿದರು ಎಂದು ಗೊಣಗಿದರು. ಗೊಣಗಲಿ. ಸೋತವರ ಹಣದ ಹೋಳಿಗೆ ಅದು, ಅವರೇ ಉಣ್ಣಲಿ.

ಜತ್ತ ದಾಟಿದೆವು. ಎರಡೂ ಕಡೆ ಬೋಳು ಎರೆಹೊಲ, ಎದುರು ಗಾಳಿ. ಆಮೇಲೆ ಇವರು ಗಾಡಿಯ ವೇಗ ತಗ್ಗಿಸಿ ಅಂದರು:

“ನೀ ನನ್ನ ಎದುರಿಗೆ ಕಟ್ಟಿದ್ದು ಐತಲ್ಲ, ಆ ಸಿಟ್ಟು ಇನ್ನಾ ಹೋಗಿಲ್ಲ.”

“ಇರಲಿ” ಎಂದೆ. “ಖರೇ ಹೇಳ್ಲೇನು? ಇವತ್ತೂ ಯಾರರ ಬಂದು ನಿಮ್ಮ ಮ್ಯಾಲ ಕಟ್ಟು ಅಂದಿದ್ರ, ನಾ ಎದುರಿಗೇ ಕಟ್ಟತಿದ್ದೆ. ನೀವು ಫೇಟಾ ಸುತ್ತಿಸಿಕೊಂಡ ಬರ್ತೀರಿ ಅಂತ.”

ಸ್ವಲ್ಪ ದೂರ ಹೋದ ಮೇಲೆ ಇವರ ಬೆನ್ನು ಅಲುಗಿದ್ದು ಗೊತ್ತಾಯಿತು. ಅಳುತ್ತಿದ್ದಾರೆಂದು ತಿಳಿದು ಹೆಗಲ ಮೇಲೆ ಕೈಯಿಟ್ಟೆ. ನಗುತ್ತಿದ್ದರು.

“ಅಂದ್ರ ಇವತ್ತ ನೀ ಸೋತಿ” ಎಂದರು. “ಹಿಂದಕ್ಕ ಹೋಗೂನೇನು? ಈಗ ನಿನಗ ಫೇಟಾ ಸುತ್ತತಾನ.”